ನಟ್ಟು ಕೂರುವ ಜಾಗ

...ಹಾಗಿರಲಿಕ್ಕಿಲ್ಲ. ಇಬ್ಬನಿ ಬಿದ್ದಿತ್ತು ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ. ಕಾಸರಕೋಡಿನಲ್ಲಿ, ಸಮುದ್ರದ ಸದ್ದು ಅಡುಗೆಮನೆಗೂ ಕೇಳುವ ನಮ್ಮ ಮನೆಯ ಅಂಗಳದಲ್ಲಿ, ಬಿಚ್ಚಿಟ್ಟ ಕಾರಿನ ಚಕ್ರದ ಮೇಲೆ ಹನಿಹನಿಯಾಗಿ ಇಬ್ಬನಿ ಕೂತಿತ್ತೇ? ಅಥವಾ ಚಳಿ ಎಂದ ಕೂಡಲೇ ಇಬ್ಬನಿಯೂ ಇರಬೇಕೆಂದು ನನ್ನ ಕೈ ತಾನಾಗಿ ಬರೆಯಿತೇ? ಚಳಿಯಂತೂ ಇತ್ತು. ನಮ್ಮ ಕಡೆಯ ಚಳಿ ಎಂದರೆ ಎಷ್ಟು? ಬೆಳಿಗ್ಗೆ ಘಟ್ಟದ ಕಡೆಯಿಂದ ಬರುವ ಗಾಳಿಗೆ ಟವೆಲನ್ನು ಕಿವಿಗೆ ಸುತ್ತಿಕೊಳ್ಳುವಷ್ಟು, ಹತ್ತು ಗಂಟೆಗೆ ಅದೇ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುವಷ್ಟು. ಅಣ್ಣ ಟವೆಲು ಸುತ್ತಿಕೊಂಡಿದ್ದ. ನಾನು ಸುತ್ತಿಕೊಂಡಿದ್ದೆನೋ ಇಲ್ಲವೋ. ಕೆಂಪು ಬಣ್ಣ ನನ್ನ ಕೈಯಲ್ಲಿತ್ತು. ಅಥವಾ ಬೆಳ್ಳಿ ಬಣ್ಣ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗೋಳೇಕೆ ಎಂದರೆ, ನಮ್ಮ ಮನೆಯಲ್ಲಿ ಈ ಕಥೆಗೆ ಈಗಾಗಲೇ ಒಂದು ನಯವಾದ ರೂಪ ಬಂದುಬಿಟ್ಟಿದೆ. ಅದರಲ್ಲಿ ಬಣ್ಣವೇ ಇಲ್ಲ. ಮದುವೆಮನೆಗಳಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುವಾಗ ಅಣ್ಣ ಅದನ್ನು ಹೇಳುತ್ತಾನೆ. ತಂಗಿ ಕಾರು ತಗೊಂಡಳು, ತಂಗಿ ಹೆತ್ತ ಆಯಿಯನ್ನು ಕೂರಿಸಿಕೊಂಡು ಕುಮಟೆಗೆ ಹೊರಟಳು, ತಂಗಿ ಹಳದಿಪುರದಲ್ಲಿ ಚಕ್ರವನ್ನು ಗುಂಡಿಗೆ ಇಳಿಸಿದಳು, ಅಣ್ಣ ಬೈಕ್ ಹತ್ತಿ ಓಡಿದ. ಮೂರು ನಿಮಿಷದ ಕಥೆ. ಎಲ್ಲಿ ನಗಬೇಕೆಂದು ಕೇಳುವವರಿಗೆ ಮೊದಲೇ ಗೊತ್ತು. "ಇಡಗುಂಜಿಲಿ ಪೂಜೆ ಮಾಡ್ಸಿದ್ದಕ್ಕೆ ಬಚಾವಾದ್ರಿ" ಎಂದು ಯಾರಾದರೂ ಒಬ್ಬರು ಹೇಳಿ ಮುಗಿಸುತ್ತಾರೆ. ಆ ಕಥೆಯ ಬಲದ ಮೇಲೆಯೇ ನನ್ನ ಕಾರಿನ ಕೀಲಿ ನನ್ನ ಕೈತಪ್ಪಿ ಹೋಯಿತು. ನಾನು ಕಾರು ಓಡಿಸಬಹುದೋ ಬೇಡವೋ ಎಂಬುದನ್ನು ಒಂದು ಗುಂಡಿ ತೀರ್ಮಾನಿಸಿತು. ಆ ಗುಂಡಿಯನ್ನು ನಾನು ಕಂಡಿಲ್ಲ.

ನಾನು ಕುಮಟೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತ ತೆಗೆಯುವುದು, ಪರೀಕ್ಷಿಸುವುದು, ಚೀಟಿ ಬರೆಯುವುದು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಶುಗರ್ ನೋಡಿಸಲು ಬರುವವರು ಹಸಿದು ಬಂದಿರುತ್ತಾರೆ, ಸಂತೆಗುಳಿಯಂಥ ಒಳಗಿನ ಊರುಗಳಿಂದ ಮೊದಲ ಬಸ್ಸು ಹಿಡಿದು ಬಂದಿರುತ್ತಾರೆ. ನಾನು ತಡವಾದರೆ ಅವರ ಹೊಟ್ಟೆ ಅಷ್ಟು ಹೊತ್ತು ಖಾಲಿ. ಅದಕ್ಕಾಗಿಯೇ ಕಾರು ತೆಗೆದುಕೊಂಡೆ, ನನ್ನ ದುಡಿಮೆಯಲ್ಲಿ, ನನ್ನ ಹೆಸರಿನಲ್ಲಿ. ಭಟ್ಕಳದ ಒಬ್ಬ ಹಿರಿಯರು ಮಾರಿದ್ದು. ಬಿಳಿಯ ಚಿಕ್ಕ ಕಾರು, ಅವರ ಮಗ ದುಬೈಗೆ ಹೋದ ಮೇಲೆ ಓಡಿಸುವವರಿಲ್ಲದೆ ನಿಂತಿತ್ತು. "ಇಂಜಿನ್ ಮಸ್ತ್ ಉಂಟು ಬೇಟಾ, ಚಕ್ರ ಮಾತ್ರ ಸ್ವಲ್ಪ ಸಮುದ್ರ ತಿಂದದೆ" ಎಂದಿದ್ದರು. ಒಂದೇ ಕೀಲಿ ಕೊಟ್ಟರು. ಇನ್ನೊಂದು ಮಗನ ಪ್ಯಾಂಟಿನ ಜೇಬಿನಲ್ಲಿ ದುಬೈಗೆ ಹೋಗಿಬಿಟ್ಟಿತ್ತಂತೆ. ನಾವಿಬ್ಬರೂ ನಕ್ಕೆವು. ಒಂದೇ ಕೀಲಿ ಇರುವುದೆಂದರೆ ಏನೆಂದು ಆಗ ನನಗೆ ತಿಳಿದಿರಲಿಲ್ಲ.

ಚಕ್ರವನ್ನು ಸಮುದ್ರ ತಿಂದದ್ದು ನಿಜ. ಪ್ಲಾಸ್ಟಿಕ್ಕಿನ ಮುಚ್ಚಳ ತೆಗೆದರೆ ಒಳಗೆ ಕಬ್ಬಿಣದ ರಿಮ್ಮು ಹಪ್ಪಳದ ಹಾಗೆ ಎದ್ದಿತ್ತು. ನಮ್ಮ ಅಂಗಳದ ಉಪ್ಪು ಮರಳಿನಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಇನ್ನೂ ಎದ್ದಿತು. ಬಣ್ಣ ಬಳಿಯೋಣ ಎಂದದ್ದು ಯಾರು? ಅಣ್ಣನ ಪ್ರಕಾರ ನಾನು. ನನ್ನ ಪ್ರಕಾರ ಅವನು. ಅತ್ತಿಗೆಯನ್ನು ಕೇಳಿದರೆ, "ನೀವಿಬ್ರೂ ಒಟ್ಟಿಗೇ ಹೇಳಿದ್ರಿ, ನಂಗೆ ಬೋಗುಣಿ ತೊಳೂಕೆ ಬಿಟ್ಟು" ಎನ್ನುತ್ತಾಳೆ. ಯಾವ ಬೋಗುಣಿ, ಅದನ್ನೇಕೆ ತೊಳೆಯಬೇಕಿತ್ತು ಎಂದು ಅವಳಿಗೂ ನೆನಪಿಲ್ಲ.

ಅಣ್ಣ ಬೋಟಿನವನು. ಅಪ್ಪನೂ ಬೋಟಿನವನೇ, ಈಗಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಬೋಟನ್ನು ದಡಕ್ಕೆ ಎಳೆದು ಕೆರೆದು ಬಣ್ಣ ಬಳಿಯುವುದನ್ನು ನಾವಿಬ್ಬರೂ ಚಿಕ್ಕವರಿರುವಾಗಲೇ ಕಲಿತವರು. ಅಪ್ಪನದು ಒಂದೇ ಕಟ್ಟಳೆ. ಬೋಲ್ಟು ಬಿಗಿಯುವ ಮೊದಲು ಬೋಲ್ಟಿನ ಬುಡಕ್ಕೆ ಬಣ್ಣ, ಪಟ್ಟಿ ಕೂರಿಸುವ ಮೊದಲು ಪಟ್ಟಿಯ ಅಡಿಗೆ ಬಣ್ಣ. ಎರಡು ಕಬ್ಬಿಣ ಸೇರುವಲ್ಲಿ ದಪ್ಪವಾಗಿ, ಒತ್ತಿದರೆ ಹೊರಗೆ ಉಬ್ಬಿ ಬರುವಷ್ಟು. ಉಪ್ಪುನೀರು ನುಗ್ಗುವುದು ಸಂದಿಯಲ್ಲಿ, ಬಯಲಿನಲ್ಲಲ್ಲ. ಬೋಟಿಗೆ ಅದು ಸರಿ. ನೂರು ಸಲ ಸರಿ. ಸಂದಿಗೆ ಬಣ್ಣ ಬಳಿಯದೆ ಬಿಟ್ಟವನನ್ನು ಅಪ್ಪ ಎಲ್ಲರೆದುರು ಬೈಯುತ್ತಿದ್ದ. ನಾನೂ ಬೈಸಿಕೊಂಡಿದ್ದೇನೆ.

ಜಾಕ್ ಒಂದೇ. ಸ್ಟೆಪ್ನಿ ಒಂದೇ. ಹಾಗಾಗಿ ದಿನಕ್ಕೊಂದು ಚಕ್ರ. ಬಿಚ್ಚಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿ, ಬಿಚ್ಚಿದ್ದನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಪಾಲಿಶ್ ಪೇಪರ್ ಹೊಡೆದು, ಕೆಂಪು ಪ್ರೈಮರ್ ಎರಡು ಕೈ, ಮೇಲೆ ಬೆಳ್ಳಿ ಬಣ್ಣ ಎರಡು ಕೈ. ಟೈರಿನ ಸುತ್ತ ಹಳೆಯ ಪೇಪರು ಸಿಕ್ಕಿಸಿದ್ದೆವು. ಉಜ್ಜುವಾಗ ಎದ್ದ ತುಕ್ಕಿನ ಹುಡಿ ಪಕ್ಕದ ಮನೆಯ ಚಿಕ್ಕಿ ಮೀನು ಒಣಗಿಸಿದ ಚಾಪೆಯ ಕಡೆಗೇ ಹೋಗುತ್ತಿತ್ತು. ಚಿಕ್ಕಿ ಎಂದರೆ ಸಂಬಂಧದವಳಲ್ಲ, ಕೇರಿಗೆಲ್ಲ ಚಿಕ್ಕಿ.

"ಏ ಮಾರಾಯ್ತಿ, ನಿನ್ನ ತುಕ್ಕೆಲ್ಲ ನನ್ನ ಮೀನಿಗೆ ಬತ್ತದೆ! ನಾಳೆ ಕೊಂಡವ್ರು ಕಬ್ಬಿಣದ ರುಚಿ ಅದೆ ಅಂದ್ರೆ ನಾ ಎಂತ ಹೇಳೂದು?"

"ರಕ್ತಕ್ಕೆ ಒಳ್ಳೇದು ಅಂತ ಹೇಳು ಚಿಕ್ಕಿ. ದಿನಾ ನೋಡ್ತೆ ನಾನು, ಎಲ್ರಿಗೂ ಕಬ್ಬಿಣ ಕಮ್ಮಿನೇ."

"ನಿನ್ನ ಬಾಯಿಗೊಂದು ಕೈ ಬಣ್ಣ ಹೊಡೀಬೇಕಿತ್ತು ನಿನ್ನಣ್ಣ!"

"ಎರಡು ಕೈ ಬೇಕು ಚಿಕ್ಕಿ, ಒಂದರಲ್ಲಿ ಮುಚ್ಚೂದಿಲ್ಲ" ಎಂದ ಅಣ್ಣ.

ಈ ಮಾತುಗಳು ನನಗೆ ಖಾತ್ರಿ, ಚಿಕ್ಕಿ ಈಗಲೂ ನನ್ನನ್ನು ಕಂಡರೆ ಅದನ್ನೇ ಹೇಳುತ್ತಾಳೆ. ಆದರೆ ಅಣ್ಣ ತಂಗಿ ಚಳಿಗಾಲದ ಎಳೆಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನಗುತ್ತ ಬಣ್ಣ ಬಳಿದರು ಎಂದು ಬರೆದುಬಿಟ್ಟರೆ ನಾನೂ ಅಣ್ಣನ ಹಾಗೆ ಮೂರು ನಿಮಿಷದ ಕಥೆ ಹೇಳಿದಂತಾಗುತ್ತದೆ. ಆ ನಾಲ್ಕು ದಿನ ನಾವು ಜಗಳವಾಡಿದ್ದೇ ಹೆಚ್ಚು. ಬಣ್ಣ ಒಣಗುತ್ತಿರಲಿಲ್ಲ. ಬೆಳಗಿನ ಥಂಡಿಯಲ್ಲಿ ಬಳಿದದ್ದು ಮಧ್ಯಾಹ್ನಕ್ಕೂ ಬೆರಳಿಗೆ ಅಂಟುತ್ತಿತ್ತು. ಸಂಜೆ ಸಮುದ್ರದ ಗಾಳಿ ತಿರುಗಿದ ಮೇಲೆ ಮರಳು ಬಂದು ಕೂರುತ್ತಿತ್ತು. ಇನ್ನೊಂದು ದಿನ ಬಿಡೋಣ ಎಂದು ನಾನು, ಸೋಮವಾರಕ್ಕೆ ನಿಂಗೆ ಗಾಡಿ ಬೇಕಾ ಬೇಡ್ವಾ ಎಂದು ಅವನು. ಅಥವಾ ಗಡಿಬಿಡಿ ಮಾಡಿದ್ದೇ ನಾನಿರಬೇಕು. ಗಾಡಿ ಬೇಕಾದದ್ದು ನನಗೆ ತಾನೆ.

ಅವನು ಹೇಳಿದ್ದು ಕಿವಿಯಲ್ಲಿದೆ: "ತಂಗಿ, ಕಬ್ಬಿಣ ಕಂಡಲ್ಲೆಲ್ಲ ಬಣ್ಣ ಹೋಗ್ಬೇಕು. ಹಿಂದೂ ಮುಂದೂ. ಒಂದು ಬೆರ್ಳಗಲ ಬಿಟ್ರೆ ಸಮುದ್ರ ಅಲ್ಲೇ ಬಾಯಿ ಹಾಕ್ತದೆ."

ರಿಮ್ಮಿನ ನಡುವೆ ನಾಲ್ಕು ತೂತು, ಪ್ರತಿ ತೂತಿನ ಸುತ್ತ ನಟ್ಟು ಕೂರಲೆಂದು ಬಟ್ಟಲಿನ ಹಾಗೆ ಇಳಿದ ಗುಳಿ. ಆ ಗುಳಿಗಳ ಒಳಗೆ ತುಕ್ಕಿರಲಿಲ್ಲ. ಹಳೆಯ ನಟ್ಟು ಒತ್ತಿ ಒತ್ತಿ ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದೊಂದು ಹೊಳಪು ನನಗೆ ಸ್ಪಷ್ಟವಾಗಿ ನೆನಪಿದೆ. ಅದರ ಮೇಲೆ ಕೆಂಪು ಬಣ್ಣ ಹರಿದದ್ದೂ ನೆನಪಿದೆ. ಬ್ರಶ್ಶು ಹಿಡಿದ ಕೈ ಮಾತ್ರ ಕೆಲವೊಮ್ಮೆ ನನ್ನದಾಗಿ, ಕೆಲವೊಮ್ಮೆ ಅವನದಾಗಿ ಕಾಣುತ್ತದೆ.

ಚಕ್ರಗಳನ್ನು ಮತ್ತೆ ಕೂರಿಸಿದಾಗ ನಟ್ಟು ಬಿಗಿದವನು ಅಣ್ಣ. ಪಾನಾದ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು, ಇಡೀ ಮೈಭಾರ ಹಾಕಿ ನಿಂತ. ಹೆಗಲು ಎರಡು ದಿನ ನೋಯುತ್ತಿತ್ತು. ಬಿಗಿಯಲಿಲ್ಲ ಎಂದು ಅವನ ಮೇಲೆ ಹೇಳಲಾರೆ.

ಆಮೇಲೆ ಒಂದು ವಾರ ಓಡಿಸಿದೆ. ಹತ್ತು ದಿನವೂ ಇರಬಹುದು. ಚಕ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ಚಂದ ಮುಚ್ಚಿಹೋಗಬಾರದೆಂದು ಪ್ಲಾಸ್ಟಿಕ್ ಮುಚ್ಚಳವನ್ನೇ ಹಾಕಿರಲಿಲ್ಲ.

ಆ ದಿನ ಆಯಿ ಹಿಂದಿನ ಸೀಟಿನಲ್ಲಿದ್ದಳು. ಅವಳ ಕಣ್ಣಿಗೆ ಪೊರೆ ಬಂದು, ಎದುರು ನಿಂತವರು ಮಾತಾಡಿದರಷ್ಟೇ ಗುರುತು ಹಿಡಿಯುವ ಹಾಗಾಗಿತ್ತು. ಕುಮಟೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ನಾನು ಲ್ಯಾಬಿಗೆ ಹೋಗುವುದೆಂದು, ಒಂದು ದಿನದ ಮಟ್ಟಿಗೆ ತಡವಾಗಿ ಬರುತ್ತೇನೆಂದು ಹೇಳಿ ಹೊರಟಿದ್ದೆ. ಶರಾವತಿ ಸೇತುವೆ ದಾಟುವಾಗ ಏನೂ ಇರಲಿಲ್ಲ. ಕರ್ಕಿ ಕಳೆದ ಮೇಲೆ ಸದ್ದು ಶುರುವಾಯಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

"ಎಂತದೇ ಅದು? ಯಾರೋ ಅಡಿಂದ ಬಡ್ದಂಗೆ ಆಗ್ತದೆ."

"ಎಂತದೂ ಇಲ್ಲ ಆಯಿ. ರಸ್ತೆ."

ಇದನ್ನು ಬರೆಯದೆ ಇರಬಹುದಿತ್ತು. ಅಣ್ಣನಿಗೂ ಇದು ಗೊತ್ತಿಲ್ಲ, ಆಯಿಗೂ ನೆನಪಿಲ್ಲ. ಸದ್ದು ಕೇಳಿದ ಮೇಲೂ ನಾನು ನಿಲ್ಲಿಸಲಿಲ್ಲ. ಎಷ್ಟು ಹೊತ್ತು? ಎರಡು ನಿಮಿಷ, ಐದು ನಿಮಿಷ. ಡಾಕ್ಟರ ಚೀಟಿಯ ನಂಬರು ತಪ್ಪುತ್ತದೆ ಎಂಬುದೇ ತಲೆಯಲ್ಲಿ. ಹಳದಿಪುರದಲ್ಲಿ ಸ್ಟೇರಿಂಗು ಕೈಯೊಳಗೆ ಮೀನಿನ ಹಾಗೆ ಒದ್ದಾಡಲು ತೊಡಗಿತು. ಬ್ರೇಕು ಒತ್ತಿದೆ. ಕಾರು ಎಡಕ್ಕೆ ವಾಲಿ, ರಸ್ತೆಯಂಚಿನ ಮಣ್ಣಿಗೆ ಇಳಿದು ನಿಂತಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರ ಓರೆಯಾಗಿ ನಿಂತಿದೆ, ಎರಡು ನಟ್ಟು ಇಲ್ಲವೇ ಇಲ್ಲ, ಉಳಿದೆರಡನ್ನು ನಾನು ಬೆರಳಲ್ಲಿ ತಿರುಗಿಸಿದೆ. ತಿರುಗಿದವು.

ಹಿಂದೆ ಲಾರಿ ಇದ್ದಿದ್ದರೆ ಎಂದು ಯೋಚಿಸುವುದಿಲ್ಲ. ಆಯಿಗೆ ಏನೂ ಆಗಲಿಲ್ಲ. ಅವಳ ಕೈ ಹಿಡಿದು ಇಳಿಸಿಕೊಂಡೆ.

ಜನ ಸೇರಿದರು. ಮೊದಲು ಬಂದವನು ಸ್ಕೂಟರಿನವನು. "ಗುಂಡಿಗೆ ಹಾಕಿದ್ರಾ ಅಕ್ಕಾ?" ಎಂದು ಕೇಳಿದ. ಕೇಳಿದ, ಅಷ್ಟೆ. ಎರಡನೆಯದಾಗಿ ಬಂದವನು ಅವನ ಮಾತು ಕೇಳಿ, "ಹೋ, ಗುಂಡಿಗೆ ಹಾಕಿದ್ದಾ" ಎಂದ. ಮೂರನೆಯವನು, "ಹೆಂಗಸ್ರಿಗೆ ಗುಂಡಿ ಕಾಣೂದು ಒಳಗೆ ಬಿದ್ಮೇಲೆಯೇ" ಎಂದು ನಗಿಸಿದ. ನಾನು ಇಲ್ಲ ಎಂದೆನೇ? ಎಂದಿರಬೇಕು. ಯಾರೂ ಹಿಂದೆ ತಿರುಗಿ ರಸ್ತೆ ನೋಡಲಿಲ್ಲ. ನಾನೂ ನೋಡಲಿಲ್ಲ. ಅದೇ ನನ್ನ ದೊಡ್ಡ ಮೂರ್ಖತನ. ಒಂದು ಐವತ್ತು ಹೆಜ್ಜೆ ಹಿಂದೆ ನಡೆದು ಗುಂಡಿ ಇದೆಯೋ ಇಲ್ಲವೋ ಎಂದು ಆವತ್ತೇ ನೋಡಿಬಿಟ್ಟಿದ್ದರೆ! ಎಷ್ಟೋ ದಿನಗಳ ಮೇಲೆ ಹೋಗಿ ನೋಡಿದಾಗ ಅಲ್ಲಿ ಉದ್ದಕ್ಕೂ ಹೊಸ ಡಾಂಬರಿನ ತೇಪೆ. ಅದರ ಅಡಿಯಲ್ಲಿ ಏನಿತ್ತೋ.

ಅಣ್ಣನಿಗೆ ಫೋನು ಮಾಡಿದೆ. ಅವನು ಬರುವಷ್ಟರಲ್ಲಿ ಯಾರೋ ಹತ್ತಿರದ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದಿದ್ದರು. ನಾನು ಆಯಿಯನ್ನು ಎದುರಿನ ಚಾದಂಗಡಿಯ ಬೆಂಚಿನಲ್ಲಿ ಕೂರಿಸಿ ನೀರು ಕುಡಿಸುತ್ತಿದ್ದೆ. ಅಲ್ಲಿಂದ ನೋಡಿದ್ದು ಇಷ್ಟು. ಮೇಸ್ತ್ರಿ ಚಕ್ರ ಕಳಚಿದ. ತೂತಿನೊಳಗೆ ಹೆಬ್ಬೆರಳು ಹಾಕಿ ತಿರುಗಿಸಿದ. ಹೆಬ್ಬೆರಳನ್ನು ಅಣ್ಣನ ಮುಖದ ಹತ್ತಿರ ಹಿಡಿದ. ಅಣ್ಣ ನೋಡಿ ತಲೆಯಾಡಿಸಿದ. ಆಮೇಲೆ ಮೇಸ್ತ್ರಿ ಬೇರೆ ಎರಡು ಚಕ್ರಗಳಿಂದ ಒಂದೊಂದು ನಟ್ಟು ತೆಗೆದು ಇದಕ್ಕೆ ಹಾಕಿದ.

ಹೆಬ್ಬೆರಳಿನ ಈ ದೃಶ್ಯವನ್ನು ನಾನು ಆವತ್ತೇ ನೋಡಿದೆನೇ, ಅಥವಾ ಬಣ್ಣದ ವಿಷಯ ತಿಳಿದ ಮೇಲೆ ಸಿಟ್ಟಿನಲ್ಲಿ ನಾನೇ ಹೊಲಿದು ಸೇರಿಸಿದೆನೇ? ಚಾದಂಗಡಿಯಿಂದ ಕಾರಿಗೆ ಒಂದು ರಸ್ತೆಯ ಅಗಲ, ನಡುವೆ ಬಸ್ಸು ಲಾರಿಗಳ ಓಡಾಟ. ಆದರೂ ಕಾಣುತ್ತದೆ. ಹೆಬ್ಬೆರಳ ತುದಿ ಕೆಂಪಾಗಿದ್ದದ್ದು ಕೂಡ ಕಾಣುತ್ತದೆ. ಅಷ್ಟು ದೂರದಿಂದ ಅದು ಕಾಣಲು ಸಾಧ್ಯವೇ ಇಲ್ಲ. ಹಾಗಾದರೆ ಉಳಿದದ್ದನ್ನು ಎಷ್ಟು ನಂಬಲಿ?

ಅಣ್ಣ ರಸ್ತೆ ದಾಟಿ ಬಂದ. "ಕೀ ಕೊಡು" ಎಂದ.

ಕೊಟ್ಟೆ. ಹಾಗೆ, ಸುಲಭವಾಗಿ. ಇವತ್ತಿಗೂ ಅಣ್ಣನ ಮೇಲಿನ ಸಿಟ್ಟಿಗಿಂತ ಮೊದಲು ಬರುವುದು ಈ ಸಿಟ್ಟು. ಅವನು ಕೈ ಚಾಚಿದ, ನಾನು ಅದರಲ್ಲಿ ಇಟ್ಟೆ. ಮನೆಗೆ ಬರುವಾಗ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಆಯಿಯ ಪಕ್ಕ ಕೂತು ಬಂದೆ.

ಅವನು ಕೀಲಿಯನ್ನು ಬೋಟಿನ ಕೀಲಿಗೊಂಚಲಿಗೆ ಸೇರಿಸಿದ. ಗೋಡೆಯ ಮೊಳೆಗೆ ತೂಗುಹಾಕಿದ್ದರೆ ನಾನೇ ತೆಗೆದುಕೊಳ್ಳುತ್ತಿದ್ದೆ. ಗೊಂಚಲು ಅವನ ಸೊಂಟದಲ್ಲಿ, ಅವನು ಸಮುದ್ರದಲ್ಲಿ. ನನ್ನ ಕಾರಿನ ಕೀಲಿ ಮೀನು ಹಿಡಿಯಲು ಹೋಗಿ ಬರುತ್ತಿತ್ತು, ನಾನು ಕತ್ತಲೆ ಹರಿಯುವ ಮೊದಲೇ ಬಸ್ಸಿಗೆ ನಿಂತಿರುತ್ತಿದ್ದೆ. ಹೊನ್ನಾವರದಲ್ಲಿ ಇಳಿದು ಇನ್ನೊಂದು ಬಸ್ಸು. ಕೆಲವು ದಿನ ಮೊದಲನೆಯದು ತಡ, ಕೆಲವು ದಿನ ಎರಡನೆಯದು ಬರುವುದೇ ಇಲ್ಲ. ಲ್ಯಾಬಿನ ಬಾಗಿಲಲ್ಲಿ ಹಸಿದವರ ಸಾಲು. ಒಬ್ಬ ಅಜ್ಜಿ ತಲೆ ತಿರುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. "ನಿಮ್ಮದು ಕಾರಿತ್ತಲ್ಲ?" ಎಂದು ಡಾಕ್ಟರು ಕೇಳಿದರು. ಇತ್ತು ಎಂದೆ.

ಕಾರು ಖಾಲಿ ನಿಂತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಣ್ಣ ಹೊಸ ನಟ್ಟು ತಂದು ಹಾಕಿ, ಬಿಡುವಿದ್ದಾಗ ಅದರಲ್ಲಿ ಐಸ್ ಪೆಟ್ಟಿಗೆ ಸಾಗಿಸುತ್ತಿದ್ದ. ಕೇಳಿದರೆ, "ಸುಮ್ನೆ ನಿಲ್ಸಿದ್ರೆ ಬ್ಯಾಟ್ರಿ ಇಳೀತದೆ ತಂಗಿ" ಎನ್ನುತ್ತಿದ್ದ. "ನಾ ಓಡ್ಸಿದ್ರೆ ಇಳಿಯೂದಿಲ್ವಾ?" ಎಂದರೆ, "ನೀ ಓಡ್ಸಿದ್ರೆ ಆಯಿ ಇಳೀತಾಳೆ" ಎಂದು ನಗುತ್ತಿದ್ದ. ಅತ್ತಿಗೆಯೂ ನಗುತ್ತಿದ್ದಳು. ಆಯಿಯೂ.

ನಿಜ ತಿಳಿದದ್ದು ಕುಮಟೆಯ ಟೈರಿನ ಅಂಗಡಿಯಲ್ಲಿ. ರಕ್ತ ಕೊಡಲು ಬಂದಿದ್ದ ಅಂಗಡಿಯವರೇ ಪರಿಚಯವಾಗಿ, ಒಂದು ಸಂಜೆ ಬಸ್ಸಿಗೆ ಹೊತ್ತಿದೆಯೆಂದು ಅಲ್ಲಿ ನಿಂತು ಕೇಳಿದೆ. ಗುಂಡಿಗೆ ಬಿದ್ದರೆ ನಟ್ಟು ಉದುರುತ್ತದಾ?

"ಗುಂಡಿಗೆ ಬಿದ್ರೆ ರಿಮ್ಮು ಬೆಂಡ್ ಆಗ್ತದೆ, ಟೈರು ಒಡೀತದೆ. ನಟ್ಟು ಎಂತಕ್ಕೆ ಉದುರ್ತದೆ? ರಿಮ್ಮು ಬೆಂಡ್ ಆಗಿತ್ತಾ?"

"ಇಲ್ಲ."

"ಚಕ್ರ ಬಿಚ್ಚಿದ್ರಾ ಅದ್ರ ಮೊದ್ಲು?"

"ಬಣ್ಣ ಬಳ್ದಿದ್ವಿ. ಮನೇಲೇ."

ಅವರು ಕೈಯಲ್ಲಿದ್ದ ಟೈರು ಕೆಳಗಿಟ್ಟರು. "ನಟ್ಟು ಕೂರೂ ಗುಳಿಗೂ?"

"ಎಲ್ಲ ಕಡೆ. ಹಿಂದೂ ಮುಂದೂ. ಎರಡು ಕೈ ಕೆಂಪು, ಎರಡು ಕೈ ಬೆಳ್ಳಿ."

"ಯಾವ ಊರು ಅಂದ್ರಿ ನಿಮ್ದು? ಕಾಸರಕೋಡಾ?" ಅವರು ನಗಲು ಶುರುಮಾಡಿದರು. "ಅಕ್ಕಾ, ನೀವು ಬಳ್ದದ್ದು ಕಾರಲ್ಲ, ದೋಣಿ. ಗುಳಿಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗ್ಬೇಕು. ನಡೂಗೆ ಬಣ್ಣ ಇದ್ರೆ ಬಿಗಿಯೂವಾಗ ಬಿಗೀ ಆದಂಗೇ ಕಾಣ್ತದೆ. ಓಡ್ಸಿ ಓಡ್ಸಿ ಬಣ್ಣ ಜಜ್ಜಿ ಹೋದ್ಮೇಲೆ ನಟ್ಟಿಗೆ ಹಿಡ್ಕಣೂಕೆ ಎಂತ ಅದೆ? ಅದೂ ಚಳಿಲಿ ಬಳ್ದದ್ದು, ಒಳಗೆ ಹಸೀ ಇರ್ತದೆ. ನೀವು ಬದ್ಕಿದ್ದೇ ಹೆಚ್ಚು."

ಬಸ್ಸಿನಲ್ಲಿ ಕೂತು ಮನೆಗೆ ಬರುವಷ್ಟೂ ಹೊತ್ತು ನಾನು ಮಾತುಗಳನ್ನು ಜೋಡಿಸುತ್ತಿದ್ದೆ. ಬೈಗುಳ ಎಂದರೂ ಸರಿ. ಮನೆ ಮುಟ್ಟಿದಾಗ ಅಣ್ಣ ಊಟಕ್ಕೆ ಕೂತಿದ್ದ. ಜೋಡಿಸಿದ್ದು ಒಂದೂ ಬರಲಿಲ್ಲ.

"ಕೀ ಕೊಡು" ಎಂದೆ.

"ಈಗ ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಜಾಕು ಡಿಕ್ಕಿಲಿ ಅದೆ. ಚಕ್ರ ಬಿಚ್ಚೂಕೆ."

"ಮತ್ತೆ ಶುರು ಆತು" ಎಂದಳು ಅತ್ತಿಗೆ.

ಟೈರಿನ ಅಂಗಡಿಯವರು ಹೇಳಿದ್ದನ್ನೆಲ್ಲ ಹೇಳಿದೆ. ಅಣ್ಣ ಅನ್ನ ಕಲಸುತ್ತಲೇ ಇದ್ದ. ಆಯಿ ಒಳಗಿನಿಂದ, "ಗುಂಡಿ ಇತ್ತಲೇ ಮಗಾ" ಎಂದಳು.

"ನೀ ಕಂಡ್ಯಾ ಆಯಿ?"

"ನಾ ಎಂತ ಕಾಣೂದು? ಕಣ್ಣು ಕಾಣದ್ದಕ್ಕೇ ಅಲ್ಲೇನೇ ನಾವು ಡಾಕ್ಟ್ರಲ್ಲಿಗೆ ಹೊರಟದ್ದು!"

"ಮತ್ತೆ ಗುಂಡಿ ಇತ್ತು ಅಂದ್ಯಲ್ಲ?"

"ಎಲ್ರೂ ಹೇಳ್ತ್ರಲೆ."

ಅಣ್ಣ ನಗಲಿಲ್ಲ. ನಾನು ಅವನ ಪಕ್ಕ ನಿಂತೇ ಇದ್ದೆ. "ಊಟ ಮಾಡೂಕಾದ್ರೂ ಬಿಡು" ಎಂದ. ಬಿಡಲಿಲ್ಲ. ಬಾಗಿ ಅವನ ಸೊಂಟದ ಗೊಂಚಲಿಗೇ ಕೈ ಹಾಕಿದೆ. ಅವನು ಎಂಜಲು ಕೈ ಎತ್ತಿ ಹಿಡಿದು ಕೂತ, ತಡೆಯಲಿಲ್ಲ. ಗೊಂಚಲಿನ ಬಳೆಯಿಂದ ಕೀಲಿ ಬಿಡಿಸುವಾಗ ನನ್ನ ಉಗುರು ಸೀಳಿತು. ರಕ್ತ ಬಂತು. ದಿನಾ ಊರವರ ರಕ್ತ ನೋಡುವವಳಿಗೆ ಅದೇನೂ ದೊಡ್ಡದಲ್ಲ.

ಮರುದಿನ ಬೆಳಿಗ್ಗೆ ಅವನು ಬೋಟಿಗೆ ಹೋಗಲಿಲ್ಲ. ನಾನು ಲ್ಯಾಬಿಗೆ ರಜೆ ಹೇಳಿದೆ. ಒಂದೊಂದೇ ಚಕ್ರ ಬಿಚ್ಚಿದೆವು. ಮುಂದಿನ ಎಡ ಚಕ್ರದ ಗುಳಿಗಳಲ್ಲಿ ಬಣ್ಣ ಜಜ್ಜಿ, ಸಿಪ್ಪೆ ಎದ್ದು, ಯಾರು ಬಳಿದದ್ದೆಂದು ಹೇಳುವ ಗುರುತೇ ಉಳಿದಿರಲಿಲ್ಲ. ಇನ್ನೊಂದರಲ್ಲಿ ಬಣ್ಣ ದಪ್ಪವಾಗಿ ಇಳಿದು ಹನಿಗಟ್ಟಿತ್ತು. ಅದು ಅಣ್ಣನ ಅಗಲದ ಬ್ರಶ್ಶು, ನೋಡಿದರೇ ಗೊತ್ತಾಗುತ್ತದೆ. ಉಳಿದೆರಡರಲ್ಲಿ ಗುಳಿಯ ಅಂಚು ಹಿಡಿದು ಸುತ್ತ ತಿರುಗಿಸಿ, ಒಂದು ಕೂದಲಷ್ಟೂ ಜಾಗ ಬಿಡದೆ, ಅಚ್ಚುಕಟ್ಟಾಗಿ ಬಳಿದಿತ್ತು. ಸಣ್ಣ ಬ್ರಶ್ಶಿನ ಕೆಲಸ. ಸಣ್ಣ ಬ್ರಶ್ಶು ನನ್ನದು.

ನಾನು ಏನು ಎಂದುಕೊಂಡಿದ್ದೆ? ಗುಳಿಗೆ ಬಳಿದದ್ದು ಅವನು, ನಾನು ಬಿಟ್ಟಿದ್ದೆ ಎಂದು. ಬಸ್ಸಿನಲ್ಲಿ ಬರುವಾಗ ಅಷ್ಟು ಚೆನ್ನಾಗಿ ನೆನಪಾಗಿತ್ತು. ಬ್ರಶ್ಶನ್ನು ಗುಳಿಯ ಹೊರಗೇ ನಿಲ್ಲಿಸಿದ ನನ್ನ ಕೈ, "ಇಲ್ಲಿ ಬೇಡ ಅಣ್ಣ" ಎಂದ ನನ್ನ ಮಾತು, ಎಲ್ಲ. ಅದೆಲ್ಲ ಸುಳ್ಳು. ಇಬ್ಬರೂ ಬಳಿದಿದ್ದೆವು, ಇಬ್ಬರೂ ಅಪ್ಪ ಕಲಿಸಿದ ಹಾಗೆ ಬಳಿದಿದ್ದೆವು. ನನ್ನದು ಅವನದಕ್ಕಿಂತ ಚೆನ್ನಾಗಿತ್ತು. ಎಂದರೆ ಹೆಚ್ಚು ಅಪಾಯದ್ದು. ಉದುರಿದ ಚಕ್ರ ಯಾರದೆಂದು ಲೆಕ್ಕ ಹಾಕಲು ನೋಡಿದೆವು. ಮೊದಲು ಬಿಚ್ಚಿದ್ದು ಯಾವುದು, ಅದನ್ನು ತಿರುಗಿ ಅಲ್ಲಿಗೇ ಹಾಕಿದೆವೋ ಮುಂದಿನ ಜಾಗಕ್ಕೋ. ಅವನೊಂದು ಹೇಳಿದ, ನಾನೊಂದು ಹೇಳಿದೆ. ಇಬ್ಬರೂ ಎರಡೆರಡು ಸಲ ಮಾತು ಬದಲಿಸಿದೆವು.

ಇದರಿಂದ ನನ್ನ ಸಿಟ್ಟು ಇಳಿಯಿತೆಂದು ಬರೆದರೆ ಚಂದ. ಇಳಿಯಲಿಲ್ಲ. ತಪ್ಪು ಇಬ್ಬರದೂ, ಬಸ್ಸಿಗೆ ನಿಂತವಳು ಒಬ್ಬಳು. ಅವನು ಅದೇ ಚಕ್ರಗಳ ಮೇಲೆ ಐಸ್ ಪೆಟ್ಟಿಗೆ ಹೇರಿಕೊಂಡು ಓಡಾಡಿದ. ಅವನ ಕೈಯಲ್ಲಿ ಚಕ್ರ ಕಳಚಿದ್ದರೆ ಯಾರೂ ಅವನ ಕೀಲಿ ಕೇಳುತ್ತಿರಲಿಲ್ಲ, ರಸ್ತೆ ಮಾಡಿದವರನ್ನು ಬೈಯುತ್ತಿದ್ದರು.

ಚಾಕುವಿನ ತುದಿ, ತಿನ್ನರು, ಹಳೆಯ ಬಟ್ಟೆ. ಹದಿನಾರು ಗುಳಿಗಳನ್ನು ಇಬ್ಬರೂ ಕೂತು ಕೆರೆದೆವು, ರಿಮ್ಮಿನ ಹಿಂಬದಿ ಗಾಡಿಗೆ ತಾಗುವ ಜಾಗವನ್ನೂ ಕೆರೆದೆವು. ಅಡಿಯ ಕೆಂಪು ಇನ್ನೂ ಮೆತ್ತಗೇ ಇತ್ತು, ಚಾಕುವಿಗೆ ಬೆಲ್ಲದ ಹಾಗೆ ಸುತ್ತಿಕೊಂಡು ಬರುತ್ತಿತ್ತು. ಅರ್ಧ ಕೆಲಸ ಆದ ಮೇಲೆ ಕೇಳಿದೆ.

"ಆವತ್ತು ಹಳದಿಪುರದಲ್ಲಿ ಮೇಸ್ತ್ರಿ ನಿಂಗೆ ಬೆರಳು ತೋರ್ಸಿದ್ನಲ. ಎಂತ ತೋರ್ಸಿದ್ದು?"

"ಎಂತ ಬೆರಳು?"

"ಹೆಬ್ಬೆರಳು. ಬಣ್ಣ ತಾಗಿದ್ದು."

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಆಯಿ ಇದ್ಲಲೆ ಗಾಡಿಲಿ" ಎಂದ.

"ನಾ ಅದು ಕೇಳಿದ್ದಲ್ಲ."

"ಆಯಿ ಇದ್ಲು, ನೀ ಇದ್ದೆ. ಫೋನು ಬಂದಾಗಿಂದ ಅಲ್ಲಿ ಮುಟ್ಟುವರೆಗೆ ನಂಗೆ ಎಂತ ಆಗಿತ್ತು ಅಂತ ನಿಂಗೆ ಗೊತ್ತಿಲ್ಲ" ಎಂದ. ಬಟ್ಟೆ ತಿನ್ನರಿನಲ್ಲಿ ಅದ್ದಿ ಮುಂದಿನ ಗುಳಿಗೆ ಹಾಕಿದ. ನಾನು ಚಾಕು ಎಸೆದು ಎದ್ದು ಹೋದೆ. ಆಮೇಲೆ ಬಂದು ಉಳಿದದ್ದನ್ನು ಕೆರೆದೆ.

ಸಂಜೆಯ ಹೊತ್ತಿಗೆ ನಾನೇ ಪಾನಾ ಹಿಡಿದು, ನಾನೇ ಮೇಲೆ ಹತ್ತಿ ನಿಂತು ಬಿಗಿದೆ. ಅವನ ಹೆಗಲು ಹಿಡಿಯಲಿಲ್ಲ, ಕಾರಿನ ಚಾವಣಿ ಹಿಡಿದುಕೊಂಡೆ. ಮರುದಿನ ಬೆಳಿಗ್ಗೆ ಕುಮಟೆಗೆ ಓಡಿಸಿಕೊಂಡು ಹೋದೆ. ಹೊನ್ನಾವರದಲ್ಲಿ ನಿಲ್ಲಿಸಿ ಒಮ್ಮೆ, ಹಳದಿಪುರದಲ್ಲಿ ಒಮ್ಮೆ, ಧಾರೇಶ್ವರದಲ್ಲಿ ಒಮ್ಮೆ ನಟ್ಟು ಮುಟ್ಟಿ ನೋಡಿದೆ. ಕೀಲಿ ಈಗ ನನ್ನ ಹತ್ತಿರವೇ ಇದೆ. ಇನ್ನೊಂದು ಮಾಡಿಸಿದ್ದೇನೆ, ಅದು ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆಮೇಲೆ ಆಯಿಯ ಎರಡೂ ಕಣ್ಣಿಗೆ ಆಪರೇಶನ್ ಆಯಿತು, ನಾನೇ ಕರೆದುಕೊಂಡು ಹೋಗಿ ಬಂದೆ. ಆದರೂ ಮೊನ್ನೆ ಒಂದು ಮದುವೆಯಲ್ಲಿ ಅಣ್ಣ ಅದೇ ಕಥೆ ಶುರುಮಾಡಿದ. ಹಳದಿಪುರ, ಗುಂಡಿ, ಬೈಕು. ನಾನು ಪಕ್ಕದ ಸಾಲಿನಿಂದ ಎದ್ದು ಬಂದು, ಎಲ್ಲರೆದುರು, ಬಣ್ಣದ ಕಥೆ ಹೇಳಿದೆ. ದನಿ ಜೋರಾಗಿಯೇ ಇತ್ತು. ಜನ ಅದಕ್ಕೂ ನಕ್ಕರು. "ಅಪ್ಪನ ಮಕ್ಕಳೇ ಸೈ, ಕಾರಿಗೂ ದೋಣಿ ಬಣ್ಣ ಹೊಡ್ದ್ರು" ಎಂದ ಒಬ್ಬ. ಅಣ್ಣನೂ ನಕ್ಕ. ಅವನ ಕಥೆ ಇನ್ನಷ್ಟು ಉದ್ದವಾಯಿತು, ಅಷ್ಟೆ.

ಹಳದಿಪುರದ ಆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿದ. ಕಾರು ನೋಡಿದ, ನನ್ನನ್ನು ನೋಡಿದ. "ದಿನಕ್ಕೆ ಹತ್ತು ಗಾಡಿ ನೋಡ್ತೆ ಅಕ್ಕಾ, ಯಾರ ಬೆರಳಿಗೆ ಎಂತ ತಾಗಿತ್ತು ಅಂತ ನಾ ಹೇಗೆ ಹೇಳೂದು" ಎಂದ. ಬಿಳಿ ಕಾರು, ಮುದುಕಿ, ಚಾದಂಗಡಿ ಎಂದೆಲ್ಲ ನೆನಪಿಸಿದೆ. ಮುದುಕಿ ನೆನಪಿದೆಯೆಂದ. ಬಣ್ಣ ನೆನಪಿಲ್ಲ. ಗುಂಡಿ ಇತ್ತೇ ಎಂದು ಕೇಳಿದರೆ, ಆಗ ಎಲ್ಲ ಕಡೆಯೂ ಗುಂಡಿಯಿತ್ತು ಎಂದ.

ಅಣ್ಣನನ್ನು ಎರಡನೆಯ ಸಲ ಕೇಳಿಲ್ಲ. ಕೇಳಿದರೆ ಹೇಳಿಯಾನು, ಆದರೆ ಈಗ ಅವನು ಹೇಳುವುದು ಆವತ್ತಿನದೋ ಆಮೇಲೆ ಹೊಲಿದದ್ದೋ ಎಂದು ಅವನಿಗೂ ತಿಳಿಯಲಿಕ್ಕಿಲ್ಲ. ರಸ್ತೆ ದಾಟಿ ಬಂದು ನನ್ನ ಮುಂದೆ ಕೈ ಚಾಚಿದಾಗ, ತಪ್ಪು ಬಣ್ಣದ್ದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.